ಪ್ಯಾನೆಲ್‌ನಲ್ಲಿ ಹೆಸರಿದೆ, ಆದರೂ ಕೆಲಸ ಯಾಕೆ ಬರ್ತಿಲ್ಲ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಸಿವಿಲ್ ಎಂಜಿನಿಯರ್. ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯೂಯರ್ ಆಗಲು ಲ್ಯಾಂಡ್ ಅಂಡ್ ಬಿಲ್ಡಿಂಗ್ (ಜಾಗ, ಕಟ್ಟಡ) ಪರೀಕ್ಷೆ ಪಾಸಾಗಿ ಐಬಿಬಿಐ (ಭಾರತೀಯ ದಿವಾಳಿತನ ಮಂಡಳಿ) ನೋಂದಣಿಯೂ ಸಿಕ್ಕಿದೆ. ಒಂದು ಬ್ಯಾಂಕಿನ ಅನುಮೋದಿತ ವ್ಯಾಲ್ಯೂಯರ್‌ಗಳ ಪಟ್ಟಿಯಲ್ಲಿ, ಅಂದರೆ ಪ್ಯಾನೆಲ್‌ನಲ್ಲಿದ್ದೇನೆ. ಅಂಗಡಿ, ಗೋದಾಮು, ಮಿಲ್‌ಗಳ ವ್ಯಾಲ್ಯುವೇಶನ್ ಮಾಡಬೇಕೆಂಬ ಆಸೆ. ಆದರೆ ಬರುವುದೆಲ್ಲ ಮನೆ ಸಾಲದ ಕೆಲಸ. ಹೊಸ ಗಿರಾಕಿಗಳು ಸಿಗುವುದು ಹೇಗೆ? ಇನ್ನೂ ನಾಲ್ಕು ಬ್ಯಾಂಕ್‌ಗೆ ಅರ್ಜಿ ಹಾಕಲಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ ಹೇಳಿದ್ದೇನೆ, ಸೆಮಿನಾರ್‌ಗಳಲ್ಲಿ ಊಟದ ಸಾಲಿನಲ್ಲಿ ನಿಂತುಕೊಂಡೂ ಹೇಳಿದ್ದೇನೆ. ಈ ಸಲ ಬರೆದೇ ಇಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಪ್ಯಾನೆಲ್ ಸಿಕ್ಕಿತು ಅಂದರೆ ಗಿರಾಕಿ ಸಿಕ್ಕರು ಅಂತ ನಂಬಿದ್ದೀರಲ್ಲ, ಅದನ್ನು ಮೊದಲು ತಲೆಯಿಂದ ತೆಗೆಯಿರಿ. ನಮ್ಮ ಕಸುಬಿನಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವ ತಪ್ಪು ನಂಬಿಕೆ ಇನ್ನೊಂದಿಲ್ಲ.

ಅನುಮೋದಿತ ವ್ಯಾಲ್ಯೂಯರ್‌ಗಳ ಪಟ್ಟಿ ಇಟ್ಟುಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ 2007ರ ಜನವರಿಯಲ್ಲೇ ಬ್ಯಾಂಕುಗಳಿಗೆ ಹೇಳಿತು. ಪಟ್ಟಿಯಲ್ಲಿರುವ ಎಲ್ಲರಿಗೂ ಕೆಲಸ ಹಂಚಿ ಎಂದು ಹೇಳಲಿಲ್ಲ. ಕೆಲಸ ಯಾರಿಗೆ ಹೋಗಬೇಕು ಅನ್ನುವುದು ಬ್ರಾಂಚ್‌ನಲ್ಲಿ, ಇಲ್ಲವೇ ಸಾಲ ಮಂಜೂರು ಮಾಡುವ ಕೇಂದ್ರದಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಕೂತವರಿಗೆ ಬೇಕಾದದ್ದು ಪರಿಚಯದ ಮುಖ, ಬೇಗ ಬರುವ ರಿಪೋರ್ಟ್. ನಿಮ್ಮ ಕೆಲಸ ಮೆಚ್ಚಿದ ಮ್ಯಾನೇಜರ್‌ಗೆ ಎರಡು ಮೂರು ವರ್ಷದಲ್ಲಿ ವರ್ಗವಾಗುತ್ತದೆ. ಹೊಸ ಮ್ಯಾನೇಜರ್ ಜೊತೆ ಮತ್ತೆ ಒಂದರಿಂದ ಎಣಿಸಬೇಕು.

ಹಾಗೂ ಬಂದ ಕೆಲಸ ಎಂಥದ್ದು? ಸೈಟು, ಫ್ಲಾಟು, ಮನೆ. ಅನೇಕ ಬ್ಯಾಂಕುಗಳು ಅನುಭವದ ವರ್ಷ ನೋಡಿ ವ್ಯಾಲ್ಯೂಯರ್‌ಗಳನ್ನು ದರ್ಜೆ ದರ್ಜೆಯಾಗಿ ವಿಂಗಡಿಸುತ್ತವೆ. ದೊಡ್ಡ ಮೊತ್ತದ ಆಸ್ತಿ ಹಳಬರಿಗೆ ಹೋಗುತ್ತದೆ. 50 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಆಸ್ತಿಗೆ ಕನಿಷ್ಠ ಎರಡು ಸ್ವತಂತ್ರ ರಿಪೋರ್ಟ್ ಬೇಕೆಂದು ರಿಸರ್ವ್ ಬ್ಯಾಂಕಿನ ಅದೇ ಸೂಚನೆಯಲ್ಲಿದೆ. ಅದನ್ನು ಓದಿ ಎರಡನೇ ರಿಪೋರ್ಟ್ ಆದರೂ ನಮಗೆ ಬರಬಹುದು ಅಂತ ಕಾಯುವವರಿದ್ದಾರೆ. ಹೊಸಬರಿಗೆ ಅದು ಬರುವುದಿಲ್ಲ. ಇನ್ನು ಫೀಸು. ಅದನ್ನು ಬ್ಯಾಂಕೇ ಸ್ಲ್ಯಾಬ್ ಹಾಕಿ ಗೊತ್ತು ಮಾಡಿರುತ್ತದೆ. ಹರಿಹರದ ಹತ್ತಿರದ ಒಂದು ರೈಸ್ ಮಿಲ್ ನೋಡಬೇಕೆಂದರೆ ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಗೋದಾಮಿನ ಎತ್ತರ, ಲಾರಿ ತಿರುಗುವ ಜಾಗ, ಒಣಗಿಸುವ ಕಣ ಎಲ್ಲ ನೋಡಬೇಕು, ಅಳೆಯಬೇಕು. ದಿನವಿಡೀ ಆಗುವ ಈ ಕೆಲಸಕ್ಕೂ ಅದೇ ಸ್ಲ್ಯಾಬ್.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಪ್ಯಾನೆಲ್ ಕೆಲಸದಲ್ಲಿ ನಿಮ್ಮ ಗಿರಾಕಿ ಬ್ಯಾಂಕು. ಫೀಸು ಸಾಲಗಾರನ ಜೇಬಿನಿಂದ ಹೋದರೂ ಅವನು ನಿಮ್ಮ ಗಿರಾಕಿಯಲ್ಲ. ಅವನ ಕಣ್ಣಿಗೆ ನೀವು ಬ್ಯಾಂಕಿನವರು ಕಳಿಸಿದ ಮನುಷ್ಯ, ಅಷ್ಟೇ. ಅಂಕಿ ಕಡಿಮೆ ಬಂದರೆ ಬೈಯುತ್ತಾನೆ, ಸರಿ ಬಂದರೆ ಮರೆಯುತ್ತಾನೆ. ಐದು ವರ್ಷದ ನಂತರ ಅಣ್ಣತಮ್ಮಂದಿರ ಪಾಲಿಗೆ ಅದೇ ಮಳಿಗೆಯ ಬೆಲೆ ಬೇಕಾದಾಗ ಅವನಿಗೆ ನಿಮ್ಮ ನೆನಪೇ ಬರುವುದಿಲ್ಲ. ನೂರು ರಿಪೋರ್ಟ್ ಬರೆದರೂ ನಿಮ್ಮದು ಅಂತ ಹೇಳಿಕೊಳ್ಳಲು ಒಬ್ಬ ಗಿರಾಕಿ ಇರುವುದಿಲ್ಲ. ಅದಕ್ಕೇ ಹೇಳುವುದು, ನಾಲ್ಕು ಪ್ಯಾನೆಲ್ ಸೇರಿದರೆ ಇದೇ ಸ್ಥಿತಿ ನಾಲ್ಕು ಪಟ್ಟಾಗುತ್ತದೆ.

ಪ್ಯಾನೆಲ್ ಕೆಲಸದಲ್ಲಿ ಅಪಾಯವೂ ಇದೆ. ಸಾಲ ಮುಳುಗಿ, ಬೆಲೆ ಬೇಕೆಂದೇ ಏರಿಸಿದ್ದು ಅಂತ ಬ್ಯಾಂಕಿನ ತನಿಖೆಯಲ್ಲಿ ಬಂದರೆ ಹೆಸರು ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್‌ಗೆ ಹೋಗುತ್ತದೆ. ಅಲ್ಲಿಂದ ಕಾಷನ್ ಲಿಸ್ಟ್, ಅಂದರೆ ಇವರ ಬಗ್ಗೆ ಎಚ್ಚರ ಎನ್ನುವ ಪಟ್ಟಿ ಆಗಿ ಎಲ್ಲ ಬ್ಯಾಂಕುಗಳಿಗೂ ತಲುಪುತ್ತದೆ. ಪ್ಯಾನೆಲ್ ಒಂದನ್ನೇ ನಂಬಿದವರಿಗೆ ಅಲ್ಲಿಗೆ ಕಸುಬು ಮುಗಿಯಿತು.

"ಮ್ಯಾನೇಜರ್‌ಗೆ ಏನಾದರೂ ಕೊಟ್ಟರೆ ಕೆಲಸ ಬರುತ್ತೆ" ಅಂತ ನಿಮಗೆ ಯಾರೋ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ನೀವು ನೋಂದಣಿ ಮಾಡಿಸಿದ 2017ರ ನಿಯಮಗಳ ಜೊತೆಗೇ ನಡತೆಯ ಸಂಹಿತೆ ಇದೆ. ಕೆಲಸ ಗಿಟ್ಟಿಸಲು ಉಡುಗೊರೆ, ಆತಿಥ್ಯ ಕೊಡುವಂತಿಲ್ಲ. ಗಿರಾಕಿಯ ಕೆಲಸ ಗೆದ್ದರೆ ಇಷ್ಟು ಎಂಬ ಲೆಕ್ಕದ ಫೀಸು ಇಲ್ಲ. ಇನ್ನೊಬ್ಬರ ಕೆಲಸ ಕಸಿಯುವಂತಿಲ್ಲ, ಗಿರಾಕಿಗೆ ಅನುಕೂಲವಾದ ಅಂಕಿ ಬರೆದುಕೊಡುವಂತಿಲ್ಲ. ಪರೀಕ್ಷೆಗೆ ಇದನ್ನು ಓದಿ, ಪಾಸಾದ ಮೇಲೆ ಮರೆಯುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಹಾಗಂತ ಪ್ಯಾನೆಲ್ ಬಿಡಬೇಡಿ. ಕೈ ಪಳಗುತ್ತದೆ, ತಿಂಗಳ ಖರ್ಚು ನಡೆಯುತ್ತದೆ. ಸಾಲ ತೀರಿಸದವರ ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆದು ಮಾರಲು ಇರುವ ಸರ್ಫೇಸಿ ಕಾಯ್ದೆಯಡಿ ಆಸ್ತಿ ಹರಾಜು ಹಾಕುವ ಮೊದಲು ಬ್ಯಾಂಕಿನ ಅಧಿಕಾರಿ ಅನುಮೋದಿತ ವ್ಯಾಲ್ಯೂಯರ್‌ನಿಂದ ಬೆಲೆ ತರಿಸಿಕೊಂಡು ರಿಸರ್ವ್ ಬೆಲೆ (ಹರಾಜಿನ ಕನಿಷ್ಠ ಬೆಲೆ) ನಿಗದಿ ಮಾಡಬೇಕು. ಆ ಕೆಲಸ ಬಂದರೆ ಬಿಡಲೇಬೇಡಿ. ಅಲ್ಲಿ ಮಳಿಗೆ, ಮಿಲ್ಲು, ಶೆಡ್ಡು ಎಲ್ಲ ಬರುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ವಾಣಿಜ್ಯ ಆಸ್ತಿಯ ಗಿರಾಕಿ ಅಂದರೆ ಸಾಲ ಬೇಡದಿದ್ದರೂ ಬೆಲೆ ಗೊತ್ತಾಗಲೇಬೇಕಾದವನು. ಅವನು ವ್ಯಾಲ್ಯೂಯರ್‌ನನ್ನು ಹುಡುಕಿಕೊಂಡು ಬೀದಿಗೆ ಬರುವುದಿಲ್ಲ. ತನ್ನ ಆಡಿಟರನ್ನು ಕೇಳುತ್ತಾನೆ, ಇಲ್ಲವೇ ವಕೀಲರನ್ನು. ಹಾಗಾಗಿ ನಿಮ್ಮನ್ನು ಮೊದಲು ತಿಳಿದಿರಬೇಕಾದವರು ಅವರೇ.

ಆಡಿಟರ್ ಹತ್ತಿರ ಹೋಗಿ ವಿಸಿಟಿಂಗ್ ಕಾರ್ಡ್ ಕೊಟ್ಟು ಬಂದರೆ ಏನೂ ಆಗದು. ಅವರಿಗೆ ತಲೆನೋವಾದ ವಿಷಯ ಹಿಡಿದು ಹೋಗಿ. 2001ರ ಏಪ್ರಿಲ್ 1ಕ್ಕಿಂತ ಮೊದಲು ಬಂದ ಆಸ್ತಿ ಮಾರಿದರೆ, ಲಾಭದ ಮೇಲಿನ ತೆರಿಗೆಯ ಲೆಕ್ಕಕ್ಕೆ ಆ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಮೂಲ ಬೆಲೆ ಅಂತ ಹಿಡಿಯಬಹುದು. ಆದರೆ ಅದು ಆ ದಿನದ ಮುದ್ರಾಂಕ ಬೆಲೆಯನ್ನು ಮೀರುವಂತಿಲ್ಲ. ಅಂದರೆ ಹಳೆಯ ಗೈಡೆನ್ಸ್ ವ್ಯಾಲ್ಯೂ ಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆದು ನಿಮ್ಮ ಊರಿನ 2001ರ ಬೆಲೆಪಟ್ಟಿ ಸಂಪಾದಿಸಿ ಇಟ್ಟುಕೊಳ್ಳಿ. ಅದು ನಿಮ್ಮ ಹತ್ತಿರ ಇದೆ ಅಂತ ಗೊತ್ತಾದರೆ ಜುಲೈ ತಿಂಗಳಲ್ಲಿ ಆಡಿಟರ್‌ಗಳೇ ಫೋನ್ ಮಾಡುತ್ತಾರೆ.

ವಕೀಲರ ಕಡೆಯಿಂದ ಪಾಲುಪಾರಿಕತ್ತು, ಪಾರ್ಟ್‌ನರ್‌ಶಿಪ್ ಒಡೆಯುವುದು, ರಸ್ತೆ ಅಗಲೀಕರಣದಲ್ಲಿ ಹೋದ ಮಳಿಗೆಯ ಪರಿಹಾರ, ಇಂಥವು ಬರುತ್ತವೆ. ಕೋರ್ಟಿನಲ್ಲಿ ಸಾಕ್ಷಿ ಹೇಳಲು ಹೆದರದಿದ್ದರೆ ನೀವು ಈಗಲೇ ಅರ್ಧ ಜನರಿಗಿಂತ ಮುಂದೆ ಇದ್ದೀರಿ.

ದಿವಾಳಿ ಕಾನೂನಿನ ಕೆಲಸವೂ ಇದೆ. ಕಂಪನಿ ಎನ್‌ಸಿಎಲ್‌ಟಿಗೆ (ಕಂಪನಿ ಕಾನೂನು ನ್ಯಾಯಮಂಡಳಿ) ಹೋದಾಗ ಆ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್ ಸಾಮಾನ್ಯವಾಗಿ ಇಬ್ಬರು ನೋಂದಾಯಿತ ವ್ಯಾಲ್ಯೂಯರ್‌ಗಳನ್ನು ನೇಮಿಸುತ್ತಾರೆ. ಆ ಪ್ರೊಫೆಷನಲ್‌ಗೆ ಸಮಯ ಕಡಿಮೆ. ಬೆಂಗಳೂರು ಪೀಠದ ಆದೇಶಗಳು ಸಾರ್ವಜನಿಕವಾಗಿವೆ. ನಿಮ್ಮ ಕಡೆಯ ಕಾರ್ಖಾನೆ ಅಲ್ಲಿಗೆ ಹೋಗಿದೆ ಅಂತ ಕಂಡರೆ, ನಾನು ಇಲ್ಲೇ ಇದ್ದೇನೆ, ಸ್ಥಳ ಗೊತ್ತು ಎಂದು ಅವರಿಗೆ ಎರಡು ಸಾಲು ಬರೆಯುವುದರಲ್ಲಿ ತಪ್ಪೇನಿಲ್ಲ.

ಇನ್ನೊಂದು ದಾರಿ ಯಾರಿಗೂ ಹೊಳೆಯುವುದಿಲ್ಲ. ಪ್ಲಾಂಟ್ ಅಂಡ್ ಮೆಷಿನರಿ ವ್ಯಾಲ್ಯೂಯರ್‌ಗಳ ಸ್ನೇಹ ಮಾಡಿ. ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ತೆಗೆದುಕೊಳ್ಳಿ. ಕಟ್ಟಡ, ಜಾಗ ನಿಮ್ಮದು. ಕಂಪ್ರೆಸರ್, ಕೂಲಿಂಗ್ ಯಂತ್ರಗಳಿಗೆ ನೀವು ಸಹಿ ಹಾಕುವಂತಿಲ್ಲ, ಅದು ಬೇರೆ ವರ್ಗ. ಕಟ್ಟಡಕ್ಕೆ ಅವರೂ ಸಹಿ ಹಾಕುವಂತಿಲ್ಲ. ಅವರ ಪ್ರತಿ ಕೆಲಸದಲ್ಲೂ ನಿಮ್ಮಂಥವರು ಒಬ್ಬರು ಬೇಕೇ ಬೇಕು. ಅವರು ನಿಮಗೆ ಪೈಪೋಟಿಯಲ್ಲ, ಅಲ್ವಾ?

ಇಷ್ಟು ಹೇಳಿದ ಮೇಲೆ ನೀವು ಕೇಳದ ಪ್ರಶ್ನೆಯೊಂದಕ್ಕೂ ಉತ್ತರ ಕೊಡಬೇಕು. ಬಂದ ಗಿರಾಕಿ ಉಳಿಯುವುದು ಅದರಿಂದಲೇ. ಬಾಡಿಗೆಯ ಮಾಹಿತಿ ಎಲ್ಲಿಂದ ತರುತ್ತೀರಿ?

ಮನೆಗೆ ಅಕ್ಕಪಕ್ಕದ ಮಾರಾಟ ನೋಡಿ ಬೆಲೆ ಕಟ್ಟಬಹುದು. ಮಳಿಗೆ ಮಾರಾಟ ಅಪರೂಪ. ಅಲ್ಲಿ ಬಾಡಿಗೆಯಿಂದಲೇ ಲೆಕ್ಕ ಹಾಕಬೇಕು. ಉದಾಹರಣೆಗೆ, ತಿಂಗಳಿಗೆ 60,000 ರೂಪಾಯಿ ಬಾಡಿಗೆ, ವರ್ಷಕ್ಕೆ 7.2 ಲಕ್ಷ. ತೆರಿಗೆ, ರಿಪೇರಿ, ವಿಮೆ ಕಳೆದು 6.5 ಲಕ್ಷ ಉಳಿಯಿತು ಅನ್ನಿ. ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ. 7ರ ಆದಾಯ ದರ ಹಿಡಿದರೆ ಬೆಲೆ ಸುಮಾರು 93 ಲಕ್ಷ. ಶೇ. 8 ಹಿಡಿದರೆ 81 ಲಕ್ಷ. ಒಂದೇ ಒಂದು ಅಂಶಕ್ಕೆ ಹನ್ನೆರಡು ಲಕ್ಷದ ವ್ಯತ್ಯಾಸ! ಎದುರು ಪಕ್ಷದ ವಕೀಲರು "ಶೇ. 7 ಎಲ್ಲಿಂದ ತಂದಿರಿ?" ಅಂತ ಕೇಳುತ್ತಾರೆ. ಸುಮ್ನೆ ಹಾಕಿದೆ ಅನ್ನಲಾಗದು.

ಒಂದು ವರ್ಷ ಮೀರಿದ ಲೀಸ್ ನೋಂದಣಿ ಕಡ್ಡಾಯ. ನೋಂದಣಿಯಾದ ಲೀಸ್ ಇಸಿಯಲ್ಲಿ (ಋಣಭಾರ ಪತ್ರ) ಕಾಣುತ್ತದೆ, ದೃಢೀಕೃತ ನಕಲೂ ಸಿಗುತ್ತದೆ. ದೊಡ್ಡ ಶೋರೂಮ್, ಬ್ಯಾಂಕ್ ಶಾಖೆ ಬಾಡಿಗೆಗೆ ಹಿಡಿದ ಕಟ್ಟಡಗಳಿಂದ ಶುರು ಮಾಡಿ. ನಿಮ್ಮೂರಲ್ಲಿ ಮಂಡಿಪೇಟೆ, ಅಶೋಕ ರಸ್ತೆ, ಪಿ.ಜೆ. ಬಡಾವಣೆ ಮೂರನ್ನೇ ಹಿಡಿದು ಒಂದು ರಿಜಿಸ್ಟರ್ ಇಡಿ. ಬಾಡಿಗೆ ಒಂದನ್ನೇ ಬರೆದರೆ ಸಾಲದು. ಅಡ್ವಾನ್ಸ್ ಎಷ್ಟು, ಎಷ್ಟು ವರ್ಷಕ್ಕೆ ಎಷ್ಟು ಏರಿಕೆ, ತೆರಿಗೆ ಯಾರು ಕಟ್ಟುತ್ತಾರೆ, ಅಳತೆ ಕಾರ್ಪೆಟ್‌ದಾ ಬಿಲ್ಟಪ್‌ದಾ, ತಾರೀಕು ಏನು, ಎಲ್ಲ ಬೇಕು. ಅಡ್ವಾನ್ಸ್ ಜಾಸ್ತಿ ಕೊಟ್ಟು ಬಾಡಿಗೆ ಇಳಿಸಿರುತ್ತಾರೆ. ಆ ಅಡ್ವಾನ್ಸ್‌ನ ಬಡ್ಡಿಯನ್ನು ಬಾಡಿಗೆಗೆ ಸೇರಿಸದೆ ಎರಡು ಮಳಿಗೆಗಳನ್ನು ಹೋಲಿಸಬೇಡಿ. ಹಳೇ ಪೇಟೆಗಳಲ್ಲಿ ಗುಡ್‌ವಿಲ್ ಅಂತ ಕೈಬದಲಾಗುವ ದುಡ್ಡು ಯಾವ ಕಾಗದದಲ್ಲೂ ಇರುವುದಿಲ್ಲ. ಅದು ತಿಳಿಯುವುದು ಅಂಗಡಿಯವರ ಜೊತೆ ಮಾತಾಡಿದರೆ ಮಾತ್ರ. ನೆಲಮಹಡಿ ಮತ್ತು ಮೊದಲ ಮಹಡಿಗೆ ಬೇರೆ ಬೇರೆ ಪುಟ ಇಡಿ. ಎರಡನ್ನೂ ಒಂದೇ ದರಕ್ಕೆ ಹಿಡಿದ ರಿಪೋರ್ಟ್‌ಗಳನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ. ಖಾಲಿ ಇರುವ ಮಳಿಗೆಗಳನ್ನೂ ಬರೆದುಕೊಳ್ಳಿ, ಎಷ್ಟು ತಿಂಗಳಿಂದ ಖಾಲಿ ಅಂತ ಸಮೇತ.