ಯಂತ್ರದ ಪ್ರಯೋಗಕ್ಕೆ ಕೈಕುಯ್ಲಿನ ಸಾಲು ಯಾಕೆ ಬೇಕು

ಕುಯ್ಲಿಗೆ ಆಳು ಸಿಗದೆ ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರು ಕಾಫಿ ಹಣ್ಣು ಉದುರಿಸುವ ಯಂತ್ರದ ಪ್ರಯೋಗಕ್ಕೆ ತೋಟ ಬಿಟ್ಟುಕೊಡುತ್ತಾರೆ. ಅದು ದೊಡ್ಡ ಉಪಕಾರ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದ್ದರೂ ನಿಮ್ಮ ಇಳಿಜಾರು, ನಿಮ್ಮ ನೆರಳು ಅಲ್ಲಿ ಸಿಗುವುದಿಲ್ಲ. ಆದರೆ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಯಂತ್ರಕ್ಕೆ ಕೊಟ್ಟ ಪಟ್ಟೆಯೊಳಗೆ, ಅಂದರೆ ತೋಟದ ಆ ಭಾಗದೊಳಗೆ, ಹೋಲಿಸಿ ನೋಡಲು ಕೈಯಲ್ಲಿ ಕುಯ್ಯುವ ಸಾಲು ಉಳಿಸುವುದೇ ಇಲ್ಲ.

‘ಪಕ್ಕದ ಪಟ್ಟೆಯಲ್ಲಿ ಕೈಕುಯ್ಲು ನಡೀತಿದೆಯಲ್ಲ ಸಾರ್, ಅದರ ಲೆಕ್ಕ ತಗೊಳ್ಳಿ’ ಎನ್ನುತ್ತಾರೆ. ಆಗುವುದಿಲ್ಲ. ಪಕ್ಕದ್ದು ಚಂದ್ರಗಿರಿ, ಇದು ಎಸ್.795, ಎರಡೂ ಅರೇಬಿಕಾದ ಬೇರೆಬೇರೆ ತಳಿ. ಅಲ್ಲಿ ಮರಗಸಿ (ನೆರಳುಮರದ ಕೊಂಬೆ ಸವರುವುದು) ಆಗಿದೆ, ಇಲ್ಲಿ ಆಗಿಲ್ಲ. ಹೀಗಿರುವಾಗ ಕಂಡ ವ್ಯತ್ಯಾಸ ಯಂತ್ರದ್ದೋ ತೋಟದ್ದೋ ಯಾರೂ ಹೇಳಲಾರರು. ಒಂದೇ ಪಟ್ಟೆಯಲ್ಲಿ, ಒಂದೇ ತಳಿಯಲ್ಲಿ, ಒಂದೇ ದಿನ ಎರಡೂ ನಡೆಯಬೇಕು. ಕನಿಷ್ಠ ಆರು ಜೋಡಿ ಸಾಲು, ಸಾಲಿಗೆ 20 ಗಿಡ, ನಡುವೆ ಒಂದು ಸಾಲನ್ನು ಯಾವ ಲೆಕ್ಕಕ್ಕೂ ಸೇರಿಸದೆ ಬಿಡಿ. ಇಳಿಜಾರಿದ್ದರೆ ಜೋಡಿಯ ಎರಡೂ ಸಾಲು ಒಂದೇ ಮಟ್ಟದಲ್ಲಿರಲಿ. ಜೋಡಿಯಲ್ಲಿ ಯಾವುದು ಯಂತ್ರಕ್ಕೆ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ರಸ್ತೆ ಬದಿಯ ತುಂಬಿದ ಗಿಡವನ್ನು ಯಂತ್ರದ ಕಂಪನಿಯವರು ಆರಿಸಬಾರದು, ಕೈಬಿಟ್ಟ ಮೂಲೆಯನ್ನು ನೀವು ಕೊಡಬಾರದು.

ಗಂಟೆಗೆ ಎಷ್ಟು ಕೆ.ಜಿ. ಎಂಬುದೊಂದನ್ನೇ ನೋಡಿದರೆ ಮೋಸಹೋಗುತ್ತೀರಿ. ಯಂತ್ರ ಗಂಟೆಗೆ 60 ಕೆ.ಜಿ. ಉದುರಿಸಿತು ಎಂದಿಟ್ಟುಕೊಳ್ಳಿ. ನಡೆಸುವವರೊಬ್ಬರು, ಟಾರ್ಪಾಲು ಎಳೆಯುವವರಿಬ್ಬರು, ಅಂದರೆ ತಲೆಗೆ 20. ಅದರಲ್ಲಿ ಕಾಲುಭಾಗ ಹಸಿರುಕಾಯಿಯಾದರೆ ಪಲ್ಪರ್‌ಗೆ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಹೋಗುವ ಹಣ್ಣು 15 ಕೆ.ಜಿ. ಮಾತ್ರ. ಹಸಿರುಕಾಯಿಯ ಸಿಪ್ಪೆ ಪಲ್ಪರ್‌ನಲ್ಲಿ ಸರಿಯಾಗಿ ಬಿಡುವುದಿಲ್ಲ, ಬೀಜ ಜಜ್ಜುತ್ತದೆ. ಆರಿಸಿ ಕಣದಲ್ಲಿ ಒಣಗಿಸಿದರೆ ಸಿಗುವುದು ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಬೆಲೆ, ಅದು ಕಡಿಮೆ. ಆದ್ದರಿಂದ ಪ್ರತಿ ಸಾಲಿನಿಂದ ಒಂದು ಕೆ.ಜಿ. ತೆಗೆದು ಹಣ್ಣು, ಹಸಿರು, ಒಣಕಲು ಎಂದು ಬೇರ್ಪಡಿಸಿ ತೂಗಬೇಕು. ಗಿಡದಲ್ಲೇ ಉಳಿದದ್ದನ್ನೂ ನೆಲಕ್ಕೆ ಬಿದ್ದದ್ದನ್ನೂ ಬೇರೆಯಾಗಿ ತೂಗಿ. ಬಿದ್ದದ್ದನ್ನು ಆಯದೆ ಬಿಟ್ಟರೆ ಕಾಯಿಕೊರಕ ಹುಳುವಿಗೆ ಅಲ್ಲೇ ನೆಲೆ. ಟಾರ್ಪಾಲು ಸರಿಸಿದ ಹೊತ್ತು, ಬ್ಯಾಟರಿ ಬದಲಿಸಿದ ಹೊತ್ತು ಎಲ್ಲವೂ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕಕ್ಕೆ ಹೋಗಲಿ.

ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಟ್ಟರೆ ಕೈಯಲ್ಲಿ ಕುಯ್ಯುವವರೂ ಹಸಿರು ಕಿತ್ತು ಹಾಕುತ್ತಾರೆ, ಅದು ಅವರ ತಪ್ಪಲ್ಲ. ಪ್ರಯೋಗದ ದಿನ ಎರಡೂ ಕಡೆಯವರಿಗೆ ದಿನಗೂಲಿಯೇ ಇರಲಿ. ಇಳಿಜಾರಿನಲ್ಲಿ ಯಂತ್ರ ಹೊತ್ತು ನಿಂತವರ ತೋಳು, ಭುಜ ಸಂಜೆಗೆ ಹೇಗಿತ್ತು ಎಂದು ಕೇಳಿ ಬರೆದುಕೊಳ್ಳಿ. ಯಂತ್ರ ತಯಾರಿಸುವವರಿಗೆ ಇದಕ್ಕಿಂತ ಉಪಯುಕ್ತ ಮಾಹಿತಿ ಕಡಿಮೆ.

ಇಷ್ಟೆಲ್ಲ ಮಾಡಿ ಸಂಜೆ ಎಲ್ಲ ಹಣ್ಣನ್ನೂ ಒಂದೇ ತೊಟ್ಟಿಗೆ ಸುರಿದರೆ ಶ್ರಮವೆಲ್ಲ ನೀರುಪಾಲು. ಚೀಲಕ್ಕೆ ಬಣ್ಣದ ದಾರ ಕಟ್ಟಿ, ಬೇರೆಯಾಗಿ ಪಲ್ಪ್ ಮಾಡಿ, ಬೇರೆಯಾಗಿ ಒಣಗಿಸಿ ಕ್ಯೂರಿಂಗ್‌ಗೆ (ಒಣ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆಗೆ) ಕಳಿಸಿ. ಎರಡರ ಔಟ್‌ಟರ್ನ್ (ಕೊಟ್ಟ ಕಾಫಿಗೆ ಎಷ್ಟು ಬೀಜ ಬಂತು ಎಂಬ ಲೆಕ್ಕ) ಬೇರೆಬೇರೆ ಬರೆದುಕೊಡಲು ಕ್ಯೂರಿಂಗ್‌ನವರನ್ನು ಕುಯ್ಲಿಗೆ ಮೊದಲೇ ಒಪ್ಪಿಸಿ. ಸಣ್ಣ ಲಾಟು ಎಂದು ಗೊಣಗಬಹುದು.

ನನ್ನ ಅಂದಾಜಿನಲ್ಲಿ ಸ್ಪ್ರಿಂಕ್ಲರ್ ಕೊಟ್ಟು ಒಂದೇ ಸಲ ಹೂವು ಬಿಡಿಸಿದ ರೋಬಸ್ಟಾದಲ್ಲಿ, ಅರೇಬಿಕಾದ ಕೊನೇ ಸ್ಟ್ರಿಪ್ಪಿಂಗ್‌ನಲ್ಲಿ (ಗಿಡದಲ್ಲಿ ಉಳಿದದ್ದನ್ನೆಲ್ಲ ಕೀಳುವ ಕುಯ್ಲಿನಲ್ಲಿ) ಯಂತ್ರಕ್ಕೆ ಹೆಚ್ಚು ಅವಕಾಶವಿದೆ. ಹೂಮಳೆ (ಹೂವು ಅರಳಿಸುವ ಬೇಸಿಗೆ ಮಳೆ) ಬಿಡಿಬಿಡಿಯಾಗಿ ಬಿದ್ದು ಹಣ್ಣು ಒಟ್ಟಿಗೆ ಮಾಗದ ಅರೇಬಿಕಾದ ಮೊದಲ ಕುಯ್ಲಿಗೆ ಅವಸರ ಬೇಡ.

ಕುಯ್ಲು ಮುಗಿದರೂ ಪ್ರಯೋಗ ಮುಗಿದಿರುವುದಿಲ್ಲ. ಅರೇಬಿಕಾ ಮುಂದಿನ ವರ್ಷ ಹೂವು ಬಿಡುವುದು ಈ ವರ್ಷ ಬೆಳೆದ ತುದಿಯ ಗಿಣ್ಣುಗಳಲ್ಲಿ. ಯಂತ್ರ ಅಲುಗಾಡಿಸುವುದು ಅದೇ ರೆಕ್ಕೆಗಳನ್ನು, ಅಂದರೆ ಪಕ್ಕದ ಕೊಂಬೆಗಳನ್ನು. ಕುಯ್ಲಿಗೆ ಮೊದಲೇ ಗಿಡಕ್ಕೆ ಎರಡು ರೆಕ್ಕೆ ಗುರುತು ಮಾಡಿ ಗಿಣ್ಣು ಎಣಿಸಿ, ಕುಯ್ಲಾದ ಕೂಡಲೇ ಮತ್ತೆ ಎಣಿಸಿ. ಹೂಮಳೆಯ ನಂತರ ಎಷ್ಟು ಗಿಣ್ಣು ಹೂವು ಕಚ್ಚಿದೆ ಎಂದು ಮೂರನೇ ಸಲ ನೋಡಿ. ಅಲ್ಲಿಯವರೆಗೆ ಯಂತ್ರದ ಖರೀದಿಗೆ ಮುಂಗಡ ಕೊಡಬೇಡಿ.