ಸೀತಾಳೆ ದಂಡೆಗೆ ಕಂಬಳಿ ಬೇಡ

ಮಳೆ ಹಿಡಿಯುವ ಹೊತ್ತಿಗೆ ನನಗೆ ಬರುವ ಫೋನೆಲ್ಲ ಒಂದೇ ಥರ. ‘ಮರಕ್ಕೆ ಸೀತಾಳೆ ದಂಡೆ ಕಟ್ಟಿದ್ವಿ, ಎಲೆ ಕಳಚಿ ಬೀಳ್ತಿದೆ. ಏನು ಗೊಬ್ಬರ ಹಾಕೋಣ?’ ಸೀತಾಳೆ ದಂಡೆ ಅಂದರೆ ಮರದ ಮೇಲೆ ಬೆಳೆದು ಉದ್ದನೆಯ ಹೂಗೊಂಚಲು ಇಳಿಬಿಡುವ ಆರ್ಕಿಡ್ ಗಿಡ. ಗೊಬ್ಬರದ ಮಾತು ಆಮೇಲೆ. ಬೇರಿಗೆ ಏನು ಸುತ್ತಿದ್ದೀರಿ, ಅದನ್ನು ಮೊದಲು ಹೇಳಿ.

ಹೋದ ವರ್ಷ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಮಲೆನಾಡಿನ ಅಮ್ಮ ಒಬ್ಬರು ತವರಿನ ಹಲಸಿನ ಮರದಿಂದ ತಂದ ಗಿಡವನ್ನು ಅಂಗಳದ ಮಾವಿಗೆ ಕಟ್ಟಿಸಿದ್ದರು. ಬೇರಿನ ಸುತ್ತ ತೆಂಗಿನ ನಾರು, ಅದರ ಮೇಲೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಗ್ಗ. ಮಾಲಿ ದಿನಕ್ಕೆರಡು ಸಲ ನೀರು ಬೇರೆ! ಬಿಚ್ಚಿದರೆ ಬೇರೆಲ್ಲ ಕೊಳೆತು, ಬೇರಿನೊಳಗಿನ ದಾರದಂಥ ಎಳೆ ಮಾತ್ರ ಉಳಿದಿತ್ತು. ಒಂದೇ ಒಂದು ಬೇರು ಗೋಣಿಯ ಸಂದಿಯಿಂದ ತಪ್ಪಿಸಿಕೊಂಡು ಹೊರಬಂದು ತೊಗಟೆಗೆ ಅಂಟಿಕೊಂಡಿತ್ತು. ಅದು ಗಟ್ಟಿಮುಟ್ಟಾಗಿತ್ತು.

ಆ ಬೇರಿನ ಮೇಲೆ ನೀರು ಚಿಮುಕಿಸಿ ತೋರಿಸಿದೆ. ಸೀಮೆಸುಣ್ಣದಂತೆ ಬೆಳ್ಳಗಿದ್ದದ್ದು ನೋಡನೋಡುತ್ತಲೇ ಹಸಿರಾಯಿತು. ಮೇಲಿನ ಬಿಳಿ ಪದರ ಸ್ಪಂಜಿನ ಹಾಗೆ. ನೀರು ಹೀರಿಕೊಂಡರೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ, ಒಣಗಿದರೆ ಮತ್ತೆ ಬಿಳಿ. ನೆನೆಯಬೇಕು, ಒಣಗಬೇಕು, ಮತ್ತೆ ನೆನೆಯಬೇಕು. ಸುತ್ತಿ ಮುಚ್ಚಿದರೆ ನೆನೆಯುವುದೊಂದೇ ಆಗುತ್ತದೆ, ಒಣಗುವುದೇ ಇಲ್ಲ. ಈ ಬೇರಿಗೆ ಬೇಕಾದ್ದು ಗಾಳಿ. ಮಣ್ಣಲ್ಲ, ಕೋಕೋಪೀಟ್ ಅಲ್ಲ, ಗೋಣಿಯಂತೂ ಅಲ್ಲವೇ ಅಲ್ಲ.

‘ಮರದ ರಸ ಹೀರುತ್ತಾ?’ ಅಂತ ಪಕ್ಕದ ಮನೆಯವರು ಕೇಳಿದರು. ಇಲ್ಲ, ಅದು ಬಂದಳಿಕೆಯ ಕೆಲಸ. ಇದು ತೊಗಟೆ ಹಿಡಿದು ಕೂರುತ್ತದೆ, ಅಷ್ಟೇ.

ಹಾಗಾಗಿ ಒರಟು ತೊಗಟೆಯ ಮರ ಆರಿಸಿಕೊಳ್ಳಿ. ಸೀಬೆ, ನೀಲಗಿರಿ ಬೇಡ, ತೊಗಟೆ ಸುಲಿದು ಬಿದ್ದಾಗ ಗಿಡವೂ ಅದರ ಜೊತೆ ಬೀಳುತ್ತದೆ. ಮುಂಗಾರಿನ ಶುರುವಿಗೆ, ಹೊಸ ಬೇರಿನ ತುದಿ ಹಸಿರಾಗಿರುವಾಗ ಹಳೇ ಹತ್ತಿ ಸೀರೆಯ ಪಟ್ಟಿಯಿಂದ ಅಲುಗದ ಹಾಗೆ ಕಟ್ಟಿ. ಬಟ್ಟೆ ಜೀರ್ಣವಾಗುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಬಯಲುಸೀಮೆಯ ಬೇಸಿಗೆಗೆ ನೀರು ಜಾಸ್ತಿ ಬೇಕಾದೀತು, ಜಾಗ ನೋಡದೆ ಲೆಕ್ಕ ಹೇಳಲಾರೆ. ಮತ್ತೆ, ಕಾಡಿನಿಂದ ಕಿತ್ತು ತರಬೇಡಿ, ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ.

ಅಸ್ಸಾಮಿನ ರಾಜ್ಯಪುಷ್ಪವೂ ಇದೇ. ಅಲ್ಲಿ ಬಿಹು ಕುಣಿಯುವ ಹುಡುಗಿಯರು ಮುಡಿಯುತ್ತಾರೆ ಅಂದಾಗ ಆ ಅಮ್ಮ, ‘ನಾವೂ ಮುಡೀತಿದ್ವಿ, ಜಡೆಯಷ್ಟೇ ಉದ್ದ ಇಳಿಬೀಳ್ತಿತ್ತು’ ಅಂದರು. ಕೊಳೆತದ್ದನ್ನು ಕತ್ತರಿಸಿ, ಅವರ ಸೀರೆಯ ಪಟ್ಟಿಯಲ್ಲೇ ಕಟ್ಟಿ ಬಂದೆ. ಈ ವರ್ಷ ಹೂವಿಲ್ಲ, ಎರಡು ಹೊಸ ಎಲೆ ಬಂದಿವೆ. ಮೊನ್ನೆ ಫೋನ್ ಮಾಡಿದ್ದರು. ಚಳಿಗೆ ಸ್ವಲ್ಪ ನಾರು ಸುತ್ತಲಾ ಅಂತ.