ಕೇಸರಿ, ನೀಲಿ ಎರಡೂ ಇದ್ದರೂ ಮಡಿ ಯಾಕೆ ಮಂಕು?

"ಇಷ್ಟೆಲ್ಲಾ ಬಣ್ಣ ಹಾಕಿದ್ದೀನಿ ಸರ್, ಆದ್ರೂ ತೋಟಕ್ಕೆ ಕಳೆನೇ ಇಲ್ಲ." ಮನೆಗಳಿಗೆ ಹೂತೋಟ ಮಾಡಿಕೊಡುವ ನನ್ನ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕೇಳುವ ದೂರು ಇದು. ಗಿಡ ಬರಲಿಲ್ಲ, ಹುಳ ಬಿತ್ತು ಅನ್ನುವವರಿಗೆ ಉತ್ತರ ಹೇಳುವುದು ಸುಲಭ. ಗಿಡ ಚೆನ್ನಾಗಿದೆ, ಹೂವೂ ಬಿಟ್ಟಿದೆ, ಆದರೂ ಮಂಕು ಅಂದರೆ ಏನು ಹೇಳುವುದು?

ಅಂಥದ್ದೇ ಒಂದು ಮಡಿ ನೋಡಲು ಹೋಗಿದ್ದೆ. ಕಾಂಪೌಂಡ್ ಗೋಡೆಗೆ ಅಂಟಿಕೊಂಡಂತೆ ಹತ್ತಡಿ ಉದ್ದ, ಮೂರಡಿ ಅಗಲ. ಒಂದು ಕೇಸರಿ ಚೆಂಡುಹೂವು, ಪಕ್ಕದಲ್ಲಿ ಒಂದು ನೀಲಿ ಸಾಲ್ವಿಯಾ, ಮತ್ತೆ ಚೆಂಡುಹೂವು, ಮತ್ತೆ ಸಾಲ್ವಿಯಾ. ಚದುರಂಗದ ಮಣೆಯ ಹಾಗೆ ಅಳತೆ ಹಿಡಿದು ನೆಟ್ಟಿದ್ದರು. ಬಗ್ಗಿ ನೋಡಿದರೆ ಎರಡೂ ಬಣ್ಣ ಕಣ್ಣು ಕುಕ್ಕುವಷ್ಟು ಗಾಢ. ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದರೆ ಧೂಳು ಕೂತ ಜಮಖಾನೆ.

ಒಂದೂ ಹೊಸ ಗಿಡ ತರಿಸಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಗಿಡಗಳನ್ನು ಬೇರಿನ ಸುತ್ತಲ ಮಣ್ಣಿನ ಸಮೇತ ಎಬ್ಬಿಸಿದೆವು. ಚೆಂಡುಹೂವೆಲ್ಲ ಎರಡು ದೊಡ್ಡ ಗುಂಪು, ಸಾಲ್ವಿಯಾ ಎಲ್ಲ ಅವುಗಳ ನಡುವೆ ಉದ್ದಕ್ಕೆ ಹರಿದ ಹಾಗೆ ಒಂದೇ ಗುಂಪು. ಚೆನ್ನಾಗಿ ನೀರು ಕೊಟ್ಟೆವು. ಎರಡು ದಿನ ತಲೆ ಬಾಗಿಸಿಕೊಂಡಿದ್ದವು, ಆಮೇಲೆ ಎದ್ದು ನಿಂತವು. ಅದೇ ಗಿಡ, ಅದೇ ಹೂವು. ಗೇಟಿನಿಂದ ನೋಡಿದರೆ ಈಗ ಕೇಸರಿ ಉರಿಯುತ್ತಿತ್ತು.

ಇದರ ಹಿಂದಿನ ಕಾರಣ ಕಂಡುಹಿಡಿದಿದ್ದು ತೋಟದವರಲ್ಲ, ಬಣ್ಣ ಹಾಕುವವರು. ಮಿಶೆಲ್ ಶೆವ್ರೊಲ್ ಅನ್ನುವ ರಸಾಯನ ವಿಜ್ಞಾನಿ 1824ರಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥರಾದರು. ಅಲ್ಲಿ ಅವರ ಮುಂದೆ ಬಂದ ದೂರುಗಳಲ್ಲಿ ಒಂದು, ಕಪ್ಪು ದಾರ ಸಾಕಷ್ಟು ಕಪ್ಪಗೆ ಕಾಣುವುದಿಲ್ಲ ಅನ್ನುವುದು. ಬೇರೆ ಕಡೆಯ ಕಪ್ಪು ದಾರ ತರಿಸಿ ಹೋಲಿಸಿ ನೋಡಿದರು. ಬಣ್ಣದಲ್ಲಿ ಏನೂ ತಪ್ಪಿರಲಿಲ್ಲ. ಆ ಕಪ್ಪಿನ ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ದಾರಗಳೇ ಅದನ್ನು ಪೇಲವ ಮಾಡುತ್ತಿದ್ದವು. ಅಲ್ಲಿಂದ ಹಿಡಿದ ಎಳೆ ಬೆಳೆದು 1839ರಲ್ಲಿ ದೊಡ್ಡ ಪುಸ್ತಕವಾಯಿತು. (ಈ ಮನುಷ್ಯ 102 ವರ್ಷ ಬದುಕಿದ್ದರು. ಬಣ್ಣ ನೋಡಿಕೊಂಡಿದ್ದರೆ ಆಯಸ್ಸು ಜಾಸ್ತಿ ಆಗುತ್ತೆ ಅಂತ ನಾನು ಗಿರಾಕಿಗಳಿಗೆ ತಮಾಷೆ ಮಾಡುತ್ತೇನೆ.)

ಬಣ್ಣದ ಚಕ್ರದಲ್ಲಿ ಎದುರುಬದುರು ಬರುವ ಬಣ್ಣಗಳು, ಅಂದರೆ ಕೇಸರಿ–ನೀಲಿ, ಹಳದಿ–ನೇರಳೆ, ಕೆಂಪು–ಹಸಿರು, ದೊಡ್ಡ ತುಂಡುಗಳಾಗಿ ಪಕ್ಕಪಕ್ಕ ನಿಂತರೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ಅದೇ ಬಣ್ಣಗಳನ್ನು ಸಣ್ಣ ಸಣ್ಣ ಚುಕ್ಕಿಯಾಗಿ ಬೆರೆಸಿ ದೂರದಿಂದ ನೋಡಿದರೆ ಒಂದರ ಹೊಳಪನ್ನು ಇನ್ನೊಂದು ತಿಂದು ಬೂದು ಕಡೆಗೆ ಎಳೆಯುತ್ತದೆ. ನೀಲಿ ಸಾಲ್ವಿಯಾದ ಒಂದೊಂದು ಹೂವೂ ಬೆರಳ ತುದಿಗಿಂತ ಸಣ್ಣದು. ಒಂಟಿ ಗಿಡ ನೆಟ್ಟರೆ ಹತ್ತು ಹೆಜ್ಜೆ ಆಚೆಯಿಂದ ಅದು ನೀಲಿ ಹೂವಾಗಿ ಕಾಣುವುದೇ ಇಲ್ಲ. ಪಕ್ಕದ ಕೇಸರಿಯ ಮೇಲೆ ಬಿದ್ದ ನೆರಳಿನ ಹಾಗೆ ಕಾಣುತ್ತದೆ. ಒಂದೇ ಜೋಡಿ, ಗುಂಪಾಗಿ ನಿಂತರೆ ಮಿತ್ರ, ಚದುರಿದರೆ ಶತ್ರು.

ಹಾಗಾಗಿ "ಯಾವ ಬಣ್ಣದ ಜೊತೆ ಯಾವ ಬಣ್ಣ ಹೊಂದುತ್ತೆ" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, "ಎಲ್ಲಿ ನಿಂತು ನೋಡ್ತೀರಿ?" ಅಂತ. ಕಿಟಕಿಯಿಂದಲೋ, ಗೇಟಿನಿಂದಲೋ, ಮಡಿ ಪಕ್ಕದ ಕಲ್ಲುಬೆಂಚಿನಿಂದಲೋ? ಅಲ್ಲಿ ನಿಂತು ಕಣ್ಣು ಅರ್ಧ ಮುಚ್ಚಿ ನೋಡಿ. ಗುಂಪುಗಳನ್ನು ಒಂದು, ಎರಡು, ಮೂರು ಅಂತ ಎಣಿಸಲು ಆಗಬೇಕು. ಆಗಲಿಲ್ಲವಾ, ಗುಂಪು ಸಣ್ಣದಾಯಿತು ಅಂತ ಲೆಕ್ಕ. ಹದಿನೈದು ಅಡಿ ದೂರದಿಂದ ನೋಡುವ ಮಡಿಗೆ ಒಂದು ಬಣ್ಣದ ಗುಂಪು ಎರಡಡಿಯಾದರೂ ಅಗಲ ಇರಲಿ ಅನ್ನುವುದು ನನ್ನ ಕೈಲೆಕ್ಕ. ಬೆಂಚಿನ ಪಕ್ಕದ ಕುಂಡಕ್ಕೆ ಈ ಲೆಕ್ಕ ಬೇಡ. ಅಲ್ಲಿ ಒಂಟಿ ಹೂವಿನ ಆಟವೂ ನಡೆಯುತ್ತದೆ.

ಇನ್ನೊಂದು ಮಾತು, ಎಲ್ಲಾ ಗುಂಪೂ ಒಂದೇ ಗಾತ್ರ ಬೇಡ. ಕೇಸರಿ ಅರ್ಧ, ನೀಲಿ ಅರ್ಧ ಆದರೆ ಕಣ್ಣು ಅತ್ತ ಇತ್ತ ಓಡಾಡಿ ದಣಿಯುತ್ತದೆ. ಹತ್ತು ಗಿಡ ಇದ್ದರೆ ಆರು ಒಂದು ಬಣ್ಣ, ಮೂರು ಇನ್ನೊಂದು, ಒಂದೇ ಒಂದು ಮೂರನೆಯದು. ಆ ಒಂದೇ ಒಂದು ಗಿಡ ಎಷ್ಟು ಜೋರಾದರೂ ಇರಲಿ, ಪರವಾಗಿಲ್ಲ.

ಈಗ ಕೆಂಪಿಗೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಕೆಂಪು ಅನ್ನುವುದು ಒಂದು ಬಣ್ಣ ಅಲ್ಲ, ಎರಡು. ಒಂದು ಹಳದಿ ಕಡೆಗೆ ವಾಲಿದ ಕೆಂಪು. ಕೆಂಪು ಸಾಲ್ವಿಯಾ, ಬಹುಪಾಲು ಕೆಂಪು ಕಾಬಾಳೆ, ಕೇಪಳ ಈ ಪಂಗಡ. ಇನ್ನೊಂದು ನೀಲಿ ಕಡೆಗೆ ವಾಲಿದ್ದು. ರಾಣಿ ಬಣ್ಣದ ಬೋಗನ್‌ವಿಲ್ಲಾ, ಕಡುಗುಲಾಬಿ ಪೆಟೂನಿಯಾ ಆ ಪಂಗಡ. ಒಂದೊಂದನ್ನೇ ನೋಡಿದಾಗ ಇದು ಗೊತ್ತೇ ಆಗುವುದಿಲ್ಲ. ಬಿಳಿ ಹಾಳೆಯ ಮೇಲೆ ಎರಡು ಎಸಳು ಪಕ್ಕಪಕ್ಕ ಇಟ್ಟು ನೋಡಿ, ತಕ್ಷಣ ಬೇರೆಯಾಗುತ್ತವೆ. ಹೊಸ ಸಸಿ ತರಲು ಹೋಗುವಾಗ ನನ್ನ ಜೇಬಿನಲ್ಲಿ ಮಡಿಯ ಒಂದು ಹೂವು, ಮಡಚಿದ ಬಿಳಿ ಕಾಗದ ಇದ್ದೇ ಇರುತ್ತವೆ. ಫೋನಿನ ಫೋಟೋ ನಂಬಿ ಹೋದರೆ ಕೆಟ್ಟಿರಿ. ಕಡುಕೆಂಪು, ರಾಣಿ ಬಣ್ಣ ಇವೆರಡನ್ನು ಕ್ಯಾಮೆರಾ ತನಗೆ ತೋಚಿದ ಹಾಗೆ ತೋರಿಸುತ್ತದೆ.

ಈ ಪಾಠ ನಾನು ಕಲಿತದ್ದು ಪುಕ್ಕಟೆ ಅಲ್ಲ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರ ಇಟ್ಟಿಗೆ ಬಣ್ಣದ ಗೋಡೆಯ ಬುಡಕ್ಕೆ ರಾಣಿ ಬಣ್ಣದ ಬೋಗನ್‌ವಿಲ್ಲಾ ನೆಟ್ಟೆ. ಗಿಡದಲ್ಲಿ ಆಗ ನಾಲ್ಕೇ ಎಲೆ. ಎರಡು ವರ್ಷಕ್ಕೆ ಗೋಡೆ ತುಂಬಾ ಹಬ್ಬಿ ಮೈದುಂಬಿ ಬಣ್ಣ ಬಿಟ್ಟಿತು. ನೋಡಿದರೆ ಹಲ್ಲು ಜುಮ್ಮೆನ್ನುವ ಹಾಗಿತ್ತು. ಇಟ್ಟಿಗೆ ಹಳದಿ ಕಡೆಯ ಕೆಂಪು, ಹೂವು ನೀಲಿ ಕಡೆಯದು, ನಡುವೆ ಉಸಿರಾಡಲು ಎಲೆಯೂ ಕಾಣುತ್ತಿರಲಿಲ್ಲ. ಬೋಗನ್‌ವಿಲ್ಲಾದಲ್ಲಿ ನಾವು ಹೂವು ಅನ್ನುವುದು ನಿಜವಾಗಿ ಬಣ್ಣದ ಎಲೆ, ಒಳಗಿರುವ ಪುಟ್ಟ ಬಿಳಿ ಕೊಳವೆಯೇ ಹೂವು. ಆದ್ದರಿಂದ ಬಣ್ಣ ವಾರಗಟ್ಟಲೆ ಉದುರುವುದಿಲ್ಲ. ಕಿತ್ತು ಬೇರೆ ಕಡೆ ನೆಡೋಣ ಅಂದರೆ ಅದಕ್ಕೆ ಬೇರು ಅಲುಗಾಡಿಸಿದರೆ ಆಗುವುದಿಲ್ಲ. ಕೊನೆಗೆ ಗೋಡೆಗೇ ಬೂದು ಬಣ್ಣ ಹೊಡೆಸಿಕೊಟ್ಟೆ, ನನ್ನ ಖರ್ಚಿನಲ್ಲಿ.

ಹಾಗಂತ ಎರಡು ಪಂಗಡ ಸೇರಲೇಬಾರದು ಅಂತಲ್ಲ. ಇಂಗ್ಲೆಂಡಿನ ಗ್ರೇಟ್ ಡಿಕ್ಸ್ಟರ್ ತೋಟದ ಕ್ರಿಸ್ಟೋಫರ್ ಲಾಯ್ಡ್ 1990ರ ದಶಕದಲ್ಲಿ ಹಳೆಯ ಗುಲಾಬಿ ತೋಟವನ್ನೇ ಕಿತ್ತುಹಾಕಿ ಕಾಬಾಳೆ, ಡೇಲಿಯಾ, ಬಾಳೆ ನೆಟ್ಟರು. ಗುಲಾಬಿ ಬಣ್ಣದ ಪಕ್ಕ ಕೇಸರಿ ಇಡಲು ಅವರು ಹೆದರುತ್ತಿರಲಿಲ್ಲ. ಅಂಥ ಕಡೆ ಕಾಪಾಡುವುದು ಎಲೆ. ರಾಣಿ ಬಣ್ಣ ಮತ್ತು ಕೇಸರಿಯ ನಡುವೆ ಕಡುನೇರಳೆ ಎಲೆಯ ಕಾಬಾಳೆಯನ್ನೋ ಕೋಲಿಯಸ್ಸನ್ನೋ ತಂದು ನಿಲ್ಲಿಸಿ ನೋಡಿ. ಕಚ್ಚಾಡುತ್ತಿದ್ದ ಎರಡೂ ಒಂದೇ ಮನೆಯವರ ಹಾಗೆ ಕಾಣುತ್ತವೆ. 'ಬಿಷಪ್ ಆಫ್ ಲ್ಯಾಂಡಾಫ್' ಅನ್ನುವ ಡೇಲಿಯಾ ಹೆಸರು ಮಾಡಿದ್ದೂ ಇದರಿಂದಲೇ. ಹೂವು ಬರೀ ಕೆಂಪು, ಆದರೆ ಎಲೆ ಕಪ್ಪು ಅನ್ನಬಹುದಾದಷ್ಟು ಗಾಢ. ಆ ಕತ್ತಲೆಯಲ್ಲಿ ಕೆಂಪು ಕೆಂಡದ ಹಾಗೆ ಹೊಳೆಯುತ್ತದೆ.

ಬಣ್ಣ ಜಗಳವಾಡಿದರೆ ನಡುವೆ ಬಿಳಿ ಹೂವು ಹಾಕಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗೆ ಒಪ್ಪಿಗೆ ಇಲ್ಲ. ಬಿಳಿ ಸುಮ್ನೆ ಕೂರುವ ಬಣ್ಣವಲ್ಲ. ಮಡಿಯಲ್ಲಿ ಅತಿ ಹೆಚ್ಚು ಬೆಳಕು ಎರಚುವುದು ಅದೇ. ಕೆಂಪು–ಕೇಸರಿಗಳ ನಡುವೆ ನಾಲ್ಕು ಬಿಳಿ ಪೆಟೂನಿಯಾ ಇಟ್ಟರೆ ಕಣ್ಣು ಹೋಗಿ ಕೂರುವುದು ಆ ನಾಲ್ಕರ ಮೇಲೆ. ಕಾಗದದ ಚೂರು ಬಿದ್ದ ಹಾಗೆ. ಬಿಸಿ ಬಣ್ಣಗಳ ನಡುವೆ ತಿಳಿಹಸಿರು ಎಲೆ ಅಥವಾ ಬೂದು ಎಲೆ ವಾಸಿ. ಡಸ್ಟಿ ಮಿಲ್ಲರ್ ಥರದ ಬೂದು ಗಿಡಗಳ ಎಲೆ ಮೇಲೆ ನವಿರು ಕೂದಲು ಇರುತ್ತದೆ. ಅದು ಬೆಳಕನ್ನು ಚದುರಿಸುವುದರಿಂದ ಮೆತ್ತಗೆ ಕಾಣುತ್ತದೆ, ಪಕ್ಕದ ಬಣ್ಣದ ಜೊತೆ ಪೈಪೋಟಿಗೆ ಇಳಿಯುವುದಿಲ್ಲ. ಆದರೆ ಇವಕ್ಕೆ ನೀರು ನಿಂತರೆ ಆಗದು, ಬುಡ ಕೊಳೆಯುತ್ತದೆ.

ಸಂಜೆಯ ಮಾತೇ ಬೇರೆ. ಒಂದು ಮನೆಯವರಿಗೆ ಪೂರ್ತಿ ಕೆಂಪು ಮಡಿ ಬೇಕಿತ್ತು. ಮಾಡಿಕೊಟ್ಟೆ. ತಿಂಗಳು ಕಳೆದು ಬಂದ ಫೋನು: "ಹೂವೇ ಕಾಣಲ್ಲ ಸರ್." ವಿಚಾರಿಸಿದರೆ ಗಂಡ ಹೆಂಡತಿ ಇಬ್ಬರೂ ಕೆಲಸದಿಂದ ಮನೆ ಸೇರುವುದು ಮುಸ್ಸಂಜೆಗೆ. ಬೆಳಕು ಇಳಿಯುತ್ತಾ ಬಂದ ಹಾಗೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಇನ್ನೂ ಸ್ವಲ್ಪ ಹೊತ್ತು ಬೆಳಗುತ್ತದೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ತಾಗುವುದೇ ಕಡಿಮೆ. ಇದನ್ನು ಎರಡು ಶತಮಾನದ ಹಿಂದೆ ಗಮನಿಸಿದವರು ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ, ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ನಾನು ಮಾಡಿದ ತಪ್ಪು, "ಎಲ್ಲಿ ನಿಂತು" ಅಂತ ಕೇಳಿದವನು "ಯಾವ ಹೊತ್ತಿಗೆ" ಅಂತ ಕೇಳಿರಲಿಲ್ಲ. ಆ ಮಡಿಯ ಅಂಚಿಗೆ ತಿಳಿನೀಲಿ ಪ್ಲಂಬಾಗೊ, ಹಿಂದೆ ನಿಂಬೆಹಳದಿ ಕಾಸ್ಮಾಸ್ ಸೇರಿಸಿದೆವು. ಹಾಂ, ಬಿಳಿ ಹೂವಿಗೆ ಅದರ ಜಾಗ ಸಿಗುವುದು ಇಂಥ ಮಡಿಯಲ್ಲೇ. ಸಂಜೆ ನೋಡುವ ತೋಟದಲ್ಲಿ ಬಿಳಿಯನ್ನು ನಾನು ಬೇಡ ಅನ್ನುವುದಿಲ್ಲ.

ಇನ್ನು ಕೆಲವು ಗಿಡ ನಿಮ್ಮ ಲೆಕ್ಕವನ್ನೇ ತಲೆಕೆಳಗು ಮಾಡುತ್ತವೆ. ಲಂಟಾನಾ ಅರಳುವಾಗ ಹಳದಿ, ದಿನ ಕಳೆದ ಹಾಗೆ ಕೇಸರಿ ಅಥವಾ ಗುಲಾಬಿ. ಹೈಡ್ರೇಂಜಿಯಾ ಹುಳಿ ಮಣ್ಣಿನಲ್ಲಿ ನೀಲಿ, ಸುಣ್ಣದ ಅಂಶ ಜಾಸ್ತಿಯಾದರೆ ಗುಲಾಬಿ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರಿಗೆ ಸಿಗುವುದೇ ಇದಕ್ಕೆ ಕಾರಣ. ನೀಲಿ ಅಂತ ನೆಟ್ಟು ಮರುವರ್ಷ ಗುಲಾಬಿ ಆದರೆ ನರ್ಸರಿಯವರನ್ನು ಬೈಯಬೇಡಿ. ಇವನ್ನು ಕುಂಡದಲ್ಲಿ ಇಡುವುದೇ ಕ್ಷೇಮ, ಬೇಕಾದ ಕಡೆ ಎತ್ತಿ ಇಡಬಹುದು.

ನೆಟ್ಟ ಮೇಲೆ ಒಂದು ಪರೀಕ್ಷೆ ಮಾಡುತ್ತೇನೆ. ಮಡಿಯ ಫೋಟೋ ತೆಗೆದು ಫೋನಿನಲ್ಲಿ ಕಪ್ಪುಬಿಳುಪು ಮಾಡಿ ನೋಡುತ್ತೇನೆ. ಬಣ್ಣದ ವಿಷಯದಲ್ಲಿ ಫೋಟೋ ನಂಬಬೇಡಿ ಅಂದವನು ಇಲ್ಲಿ ನಂಬುತ್ತೇನೆ, ಯಾಕೆಂದರೆ ನೋಡುತ್ತಿರುವುದು ಬಣ್ಣವನ್ನಲ್ಲ. ಗಾಢ ಕೆಂಪೂ ಎಲೆಯ ಹಸಿರೂ ಎಷ್ಟೋ ಸಲ ಒಂದೇ ಬೂದಾಗಿ ಬರುತ್ತವೆ. ಮಡಿ ಪೂರ್ತಿ ಹಾಗೆ ಬಂದರೆ, ಎಷ್ಟು ಬಣ್ಣ ಇದ್ದರೂ ಸಪ್ಪೆ ಅನಿಸುತ್ತದೆ. ಆಗ ಒಂದು ತಿಳಿಯಾದದ್ದು ಅಥವಾ ಒಂದು ಕಡುಗಪ್ಪು ಎಲೆಯದ್ದು ಬೇಕು. ಕೆಂಪು–ಹಸಿರು ಭೇದ ಸರಿಯಾಗಿ ಕಾಣದವರು ಮನೆಯಲ್ಲಿದ್ದರೂ ಈ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಹಸಿರು ಪೊದೆಯಲ್ಲಿ ಅರಳಿದ ಕೆಂಪು ದಾಸವಾಳ ಅವರ ಕಣ್ಣಿಗೆ ಬೀಳುವುದು ಕಷ್ಟ, ಹಳದಿ ದಾಸವಾಳ ಸುಲಭವಾಗಿ ಕಾಣುತ್ತದೆ.

ಆ ಹತ್ತಡಿ ಮಡಿಯ ಮನೆಯವರು ಮೊನ್ನೆ ಫೋನ್ ಮಾಡಿದ್ದರು. ಚೆಂಡುಹೂವು ಮುಗಿಯಿತು, ಒಣಗಿದ ಹೂವಿನಿಂದ ಬೀಜ ಎತ್ತಿಟ್ಟಿದ್ದಾರೆ. ಮುಂದಿನ ಸಲ ಅದನ್ನೇ ಅದೇ ಜಾಗಕ್ಕೆ ಹಾಕಲಾ ಅಂತ ಕೇಳಿದರು. ಅವರು ಮೊದಲು ತಂದದ್ದು ಹೈಬ್ರಿಡ್ ಸಸಿ. ಅದರ ಬೀಜ ತಾಯಿ ಗಿಡದ ಹಾಗೇ ಬರುತ್ತದೆ ಅಂತ ಹೇಳಲಾಗದು. ಕೆಲವು ಹಳದಿ, ಕೆಲವು ಕೇಸರಿ, ಕೆಲವು ಎತ್ತರ, ಕೆಲವು ಗಿಡ್ಡ. "ಹಾಕಿ, ಆದ್ರೆ ನೇರ ಮಡಿಗೆ ಬೇಡ," ಅಂದೆ. "ಸಣ್ಣ ಕುಂಡಗಳಲ್ಲಿ ಎಬ್ಬಿಸಿ. ಮೊದಲ ಮೊಗ್ಗು ಬಿರಿದು ಬಣ್ಣ ಗೊತ್ತಾದ ಮೇಲೆ ಹಳದಿ ಒಂದು ಕಡೆ, ಕೇಸರಿ ಒಂದು ಕಡೆ ಮಾಡಿಕೊಂಡು ನೆಡಿ."